ತೆಳು ಪೈಪಿಗೆ ಟಿಗ್ ವೆಲ್ಡಿಂಗ್, ತೂತು ಬೀಳದ ಹಾಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಮೀನಿಗೆ ಹೋಗುವ ಹಾಗಿಲ್ಲ. ಆ 61 ದಿನ ಬೈತಖೋಲ್ ಬಂದರಿನಲ್ಲಿ ಬೋಟುಗಳು ಕಟ್ಟಿ ನಿಂತಿರುತ್ತವೆ. ರೇಲಿಂಗ್, ಏಣಿ, ಸೈಲೆನ್ಸರ್ ಪೈಪು ಎಲ್ಲ ಆಗಲೇ ರಿಪೇರಿಗೆ ಬರುತ್ತವೆ. ಉಳಿದ ತಿಂಗಳುಗಳಲ್ಲಿ ಮನೆಗಳ ಮೆಟ್ಟಿಲಿನ ಸ್ಟೀಲ್ ರೇಲಿಂಗ್, ಶಿರಸಿ ಕಡೆಯವರ ಅಡಿಕೆ ಒಣಗಿಸುವ ಸ್ಟ್ಯಾಂಡು, ಕೈಗಾಡಿ. ಹೆಚ್ಚಿನದೆಲ್ಲ ತೆಳು ಪೈಪಿನ ಕೆಲಸವೇ. ಕಲಿಯಲು ಬರುವ ಹುಡುಗರು ಕೇಳುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಒಂದೇ ಇರುತ್ತವೆ. ಅವನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಟಿಗ್, ಆರ್ಗಾನ್ ವೆಲ್ಡಿಂಗ್ ಎರಡೂ ಒಂದೇನಾ?

ಒಂದೇ. ಊರಲ್ಲಿ ಎಲ್ಲರೂ ಆರ್ಗಾನ್ ಅಂತಲೇ ಹೇಳುತ್ತಾರೆ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಫಿಲ್ಲರ್ ಕಡ್ಡಿ, ಅಂದರೆ ಕರಗಿ ಜಾಯಿಂಟಿಗೆ ಸೇರುವ ಲೋಹದ ಕಡ್ಡಿ. ಟಾರ್ಚಿನ ತುದಿಯಲ್ಲಿ ಟಂಗ್‌ಸ್ಟನ್ ಸೂಜಿ. ಟಂಗ್‌ಸ್ಟನ್ ಕರಗಲು 3,400 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಸ್ಟೀಲು 1,400ರ ಆಸುಪಾಸಿನಲ್ಲೇ ಕರಗುತ್ತದೆ. ಹಾಗಾಗಿ ಸೂಜಿ ಉಳಿಯುತ್ತದೆ, ಪೈಪು ಕರಗುತ್ತದೆ. ಸುತ್ತ ಸುರಿಯುವ ಆರ್ಗಾನ್ ಗ್ಯಾಸು ಕರಗಿದ ಲೋಹಕ್ಕೆ ಗಾಳಿ ತಾಗದ ಹಾಗೆ ಕಾಯುತ್ತದೆ.

ಹತ್ತು ವರ್ಷ ಕಡ್ಡಿ ವೆಲ್ಡಿಂಗ್ ಮಾಡಿದ್ದೇನೆ. ತೆಳು ಪೈಪು ಹಿಡಿದರೆ ಮಾತ್ರ ತೂತು. ಯಾಕೆ?

ಹೆಚ್ಚಿನವರು ಆಂಪ್ ಜಾಸ್ತಿ ಆಯ್ತು ಅಂದುಕೊಳ್ಳುತ್ತಾರೆ. ಕೆಲವೊಮ್ಮೆ ಹೌದು. ಆದರೆ ನಾನು ನೋಡಿದ ತೂತುಗಳಲ್ಲಿ ಆಂಪ್‌ನಿಂದ ಬಿದ್ದವು ಕಡಿಮೆ, ಸಂದಿನಿಂದ ಬಿದ್ದವು ಜಾಸ್ತಿ.

ಎರಡು ಪೈಪಿನ ನಡುವೆ ಸಂದು ಇದ್ದರೆ ಎರಡೂ ಅಂಚು ಬೇರೆ ಬೇರೆ ಕಾಯುತ್ತವೆ. ಅಂಚಿಗೆ ಬಿದ್ದ ಶಾಖಕ್ಕೆ ಹರಿದು ಹೋಗಲು ಒಂದೇ ಕಡೆ ದಾರಿ. ಹಾಗಾಗಿ ಅಂಚು ಬೇಗ ಕರಗಿ ಹಿಂದಕ್ಕೆ ಸರಿಯುತ್ತದೆ. ಸಂದು ಇನ್ನೂ ದೊಡ್ಡದಾಗುತ್ತದೆ. ನೀವು ಅದನ್ನು ತುಂಬಲು ಅಲ್ಲೇ ನಿಲ್ಲುತ್ತೀರಿ, ಶಾಖ ಇನ್ನೂ ಏರುತ್ತದೆ. ಮೂರು ಸೆಕೆಂಡಿನಲ್ಲಿ ತೂತು. ಅದೇ ಎರಡು ಅಂಚು ಒಂದಕ್ಕೊಂದು ಬಿಗಿಯಾಗಿ ಕೂತಿದ್ದರೆ ಕರಗಿದ ಕೂಡಲೇ ಕೂಡಿಕೊಳ್ಳುತ್ತವೆ. ಅಷ್ಟೇ ಆಂಪ್‌ಗೆ ತೂತು ಬೀಳುವುದಿಲ್ಲ.

ನನಗೆ ಇದು ಒಂದು ಬೋಟಿನ ರೇಲಿಂಗ್ ಮಾಡುವಾಗ ಅರ್ಥ ಆಯಿತು. 1 ಇಂಚಿನ 18 ಗೇಜ್ (1.2 ಮಿ.ಮೀ. ದಪ್ಪದ) ಪೈಪು, ಒಟ್ಟು 16 ಮೂಲೆ. ಕಟಾಫ್ ಮಷಿನಿನಲ್ಲಿ ಪೈಪನ್ನು ಓರೆಗೆ ಒರಗಿಸುವ ಪಟ್ಟಿ (ಫೆನ್ಸ್) ಸ್ವಲ್ಪ ಸಡಿಲ ಇತ್ತು. 45 ಡಿಗ್ರಿ ಅಂತ ಕತ್ತರಿಸಿದ್ದು ಕೆಲವು ಕಡೆ 44, ಕೆಲವು ಕಡೆ 46 ಆಗಿತ್ತು. ಹೊರಬದಿ ತಾಗುತ್ತಿತ್ತು, ಒಳಬದಿಯಲ್ಲಿ ಬೆಂಕಿಕಡ್ಡಿ ಹೋಗುವಷ್ಟು ಸಂದು. ತುಂಬಿಸಿದರಾಯ್ತು ಅಂತ ಶುರು ಮಾಡಿದೆ. ಏಳು ಮೂಲೆಯಲ್ಲಿ ತೂತು ಬಿತ್ತು. ಸಂಜೆ ಕೂತು ಒಂದೊಂದೇ ಮೂಲೆ ನೋಡಿದರೆ, ಏಳೂ ತೂತು ಸಂದು ಇದ್ದ ಮೂಲೆಗಳಲ್ಲೇ. ಬಿಗಿಯಾಗಿ ಕೂತಿದ್ದ ಒಂದು ಮೂಲೆಯೂ ಹಾಳಾಗಿರಲಿಲ್ಲ. ಎಲ್ಲ ಮೂಲೆಗೂ ಅವತ್ತು ಒಂದೇ ಆಂಪ್ ಇತ್ತು.

ಕಡ್ಡಿ ವೆಲ್ಡಿಂಗ್ ಮಾಡಿದವರಿಗೆ ಈ ಅಭ್ಯಾಸ ಬಿಡುವುದು ಕಷ್ಟ. ಅಲ್ಲಿ ಕಡ್ಡಿಯೇ ಕರಗಿ ಸಂದು ತುಂಬುತ್ತದೆ. ಟಿಗ್‌ನಲ್ಲಿ ಶಾಖ ಬೇರೆ, ಕಡ್ಡಿ ಬೇರೆ. ನೀವು ಕಡ್ಡಿ ಕೊಡದೆ ನಿಂತರೂ ಪೈಪು ಕರಗುತ್ತಲೇ ಇರುತ್ತದೆ.

ತೆಳು ಅಂದರೆ ಎಷ್ಟು? ಗೇಜಿನ ಲೆಕ್ಕ ಹೇಗೆ?

ಗೇಜ್ ನಂಬರ್ ಏರಿದ ಹಾಗೆ ದಪ್ಪ ಇಳಿಯುತ್ತದೆ. 14 ಗೇಜ್ ಅಂದರೆ 2 ಮಿ.ಮೀ., 16 ಅಂದರೆ 1.6, 18 ಅಂದರೆ 1.2, 20 ಅಂದರೆ 0.9, 22 ಅಂದರೆ 0.7. ಈ ಬರಹದಲ್ಲಿ ತೆಳು ಅಂದಿದ್ದು 1.6ಕ್ಕಿಂತ ಕೆಳಗಿನದು. ಅಂಗಡಿಯಲ್ಲಿ 18 ಅಂತ ಕೊಟ್ಟದ್ದು ಅಳೆದರೆ 1 ಮಿ.ಮೀ. ಇರುವುದೂ ಉಂಟು. ವರ್ನಿಯರ್ ಇಟ್ಟು ನೀವೇ ಅಳೆಯಿರಿ. ಮಷಿನ್ ಸೆಟ್ ಮಾಡುವುದು ನಿಜವಾದ ದಪ್ಪಕ್ಕೆ, ಬಿಲ್ಲಿನಲ್ಲಿ ಬರೆದದ್ದಕ್ಕೆ ಅಲ್ಲ.

ಎಷ್ಟು ಆಂಪ್ ಇಡಬೇಕು?

1 ಮಿ.ಮೀ. ದಪ್ಪಕ್ಕೆ ಸುಮಾರು 35ರಿಂದ 40 ಆಂಪ್ ಅಂತ ಹಿಡಿದು ಶುರು ಮಾಡಿ. ಸ್ಟೇನ್‌ಲೆಸ್ ಸ್ಟೀಲಿಗೆ ಸ್ವಲ್ಪ ಕಡಿಮೆ ಸಾಕು. ಅದು ಶಾಖವನ್ನು ಬೇಗ ಹರಡುವುದಿಲ್ಲ, ಬಿದ್ದಲ್ಲೇ ಇಟ್ಟುಕೊಳ್ಳುತ್ತದೆ. ನಾನು 1.2ರ ಸ್ಟೇನ್‌ಲೆಸ್ ಪೈಪಿಗೆ 38ರಿಂದ 42, 0.9ರದ್ದಕ್ಕೆ 28ರ ಹತ್ತಿರ ಇಡುತ್ತೇನೆ. ಒಂದು ಪೈಪಿನ ಮೈಗೆ ಇನ್ನೊಂದನ್ನು ನಿಲ್ಲಿಸಿ ಕೂಡಿಸುವಾಗ ಶಾಖ ಮೂರು ಕಡೆ ಹರಿಯುತ್ತದೆ, ಹಾಗಾಗಿ ನಾಲ್ಕೈದು ಆಂಪ್ ಜಾಸ್ತಿ ಬೇಕು. ಹೊರಮೂಲೆಗೆ ಅಷ್ಟೇ ಕಡಿಮೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ತೂತಿಗೆ ಹೆದರಿ ಆಂಪ್ ತೀರಾ ಇಳಿಸಬೇಡಿ. 1.2ರ ಪೈಪಿಗೆ 20 ಆಂಪ್ ಇಟ್ಟರೆ ಕರಗಲು ಎಂಟು ಹತ್ತು ಸೆಕೆಂಡು ಒಂದೇ ಕಡೆ ನಿಲ್ಲಬೇಕಾಗುತ್ತದೆ. ಅಷ್ಟರಲ್ಲಿ ಸುತ್ತಲಿನ ಎರಡು ಇಂಚು ಪೈಪು ಕಾದು ಕೂತಿರುತ್ತದೆ. ಆಮೇಲೆ ಕರಗಿದ್ದು ಒಮ್ಮೆಲೇ ಕುಸಿಯುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಕರಗಬೇಕು, ಕೂಡಲೇ ಮುಂದೆ ಹೋಗಬೇಕು.

ಟಾರ್ಚು ಯಾವಾಗಲೂ ನೆಗೆಟಿವ್‌ಗೆ, ಅರ್ಥ್ ಕ್ಲಾಂಪು ಪಾಸಿಟಿವ್‌ಗೆ. ಕಡ್ಡಿ ವೆಲ್ಡಿಂಗ್‌ನಿಂದ ಬಂದವರು ಇದನ್ನು ತಿರುಗಿಸಿ ಹಾಕಿಬಿಡುತ್ತಾರೆ. ಆಗ ಟಂಗ್‌ಸ್ಟನ್ ತುದಿ ಗುಂಡಗಾಗಿ ಕರಗುತ್ತದೆ.

ಟಂಗ್‌ಸ್ಟನ್ ಯಾವುದು? ಸಾಣೆ ಹೇಗೆ?

1.6 ಮಿ.ಮೀ.ಯದ್ದು ತಗೊಳ್ಳಿ, 0.9ಕ್ಕಿಂತ ತೆಳುವಾದ ಪೈಪಿಗೆ 1 ಮಿ.ಮೀ.ಯದ್ದು. ಬಣ್ಣ ನೋಡುವುದಾದರೆ ನೀಲಿ ಅಥವಾ ಚಿನ್ನದ ಬಣ್ಣದ ತುದಿ, ಅಂದರೆ ಲ್ಯಾಂಥನಮ್ ಬೆರೆತದ್ದು. ಕೆಂಪು ತುದಿಯದ್ದರಲ್ಲಿ ಥೋರಿಯಂ ಇರುತ್ತದೆ, ಅದಕ್ಕೆ ಸ್ವಲ್ಪ ವಿಕಿರಣದ ಗುಣ ಇದೆ. ಅದನ್ನು ಸಾಣೆ ಹಿಡಿಯುವಾಗ ಏಳುವ ಧೂಳು ಎದೆಗೆ ಹೋಗುವುದು ಒಳ್ಳೆಯದಲ್ಲ.

ಸಾಣೆ ಉದ್ದಕ್ಕೆ ಹಿಡಿಯಬೇಕು, ಅಡ್ಡಕ್ಕೆ ಅಲ್ಲ. ಗೀರುಗಳು ತುದಿಯ ಕಡೆಗೇ ಓಡುವ ಹಾಗಿರಲಿ. ಮೊನೆಯ ಉದ್ದ ಸೂಜಿಯ ದಪ್ಪದ ಎರಡು ಎರಡೂವರೆ ಪಟ್ಟು. ಅಡ್ಡ ಗೀರು ಇದ್ದರೆ ಆರ್ಕ್, ಅಂದರೆ ಸೂಜಿಗೂ ಪೈಪಿಗೂ ನಡುವೆ ಉರಿಯುವ ಕರೆಂಟಿನ ಜ್ವಾಲೆ, ಅಲ್ಲಿ ಇಲ್ಲಿ ಓಡುತ್ತದೆ, ನೀವು ಗುರಿ ಇಟ್ಟಲ್ಲಿ ಬೀಳುವುದಿಲ್ಲ. ಕಬ್ಬಿಣ ಉಜ್ಜುವ ಕಲ್ಲಿನಲ್ಲೇ ಉಜ್ಜಬೇಡಿ, ಟಂಗ್‌ಸ್ಟನ್ನಿಗೆ ಒಂದು ಕಲ್ಲು ಬೇರೆ ಇಡಿ. ತುದಿ ಒಮ್ಮೆ ಕೊಳಕ್ಕೆ (ಕರಗಿದ ಲೋಹಕ್ಕೆ) ಮುಳುಗಿತೋ, ಅಲ್ಲಿಗೆ ನಿಲ್ಲಿಸಿ ಮತ್ತೆ ಸಾಣೆ ಹಿಡಿಯಿರಿ. ನಾನು ಬೆಳಿಗ್ಗೆಯೇ ಐದಾರು ಸೂಜಿ ಸಾಣೆ ಹಿಡಿದು ಇಟ್ಟುಕೊಂಡಿರುತ್ತೇನೆ. ಕೈಗೆ ಸಿಗುವ ಹಾಗಿದ್ದರೆ ಬದಲಾಯಿಸಲು ಸೋಮಾರಿತನ ಬರುವುದಿಲ್ಲ.

ಪೈಪನ್ನು ಬಿಗಿಯಾಗಿ ಕೂರಿಸುವುದು ಹೇಗೆ?

ಅರ್ಧ ಕೆಲಸ ಇಲ್ಲೇ ಇದೆ. ನೇರ ಜೋಡಿಸುವಾಗ ಕತ್ತರಿಸಿದ ತುದಿಯನ್ನು ಸಪಾಟು ಕಲ್ಲಿನ ಮೇಲೆ ನಿಲ್ಲಿಸಿ ನೋಡಿ. ಅಲುಗಾಡಿದರೆ ಅರ ಹಾಕಿ. ಕತ್ತರಿಸುವಾಗ ಒಳ ಅಂಚಿಗೆ ಉಳಿದ ಜುಂಗನ್ನು ಅರ್ಧ ದುಂಡು ಅರದಿಂದ ತೆಗೆಯಿರಿ. ಜುಂಗು ತುಂಬ ತೆಳು, ಅದು ಮೊದಲು ಕರಗಿ ಮುದ್ದೆಯಾಗಿ ಅಂಚನ್ನು ಎಳೆದುಕೊಂಡು ಹೋಗುತ್ತದೆ.

ಪೈಪಿನ ಮೈಗೆ ಪೈಪು ಕೂರಿಸುವಾಗ ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆಯಬೇಕು. ಮಷಿನ್ ಬೇಕಂತಿಲ್ಲ. ಪೈಪಿಗೆ ಕಾಗದ ಸುತ್ತಿ, ನಾಲ್ಕು ಕಡೆ ಗೆರೆ ಹಾಕಿ, ಗ್ರೈಂಡರಿನಿಂದ ಒರಟಾಗಿ ಕತ್ತರಿಸಿ. ಆಮೇಲೆ ದುಂಡು ಅರದಿಂದ ಸ್ವಲ್ಪ ಸ್ವಲ್ಪವೇ ತೆಗೆಯುತ್ತ, ಪ್ರತಿ ಸಲವೂ ಜಾಗದಲ್ಲಿ ಇಟ್ಟು ನೋಡಿ. ಹಿಂದಿನಿಂದ ಟಾರ್ಚ್ ಲೈಟ್ ಹಿಡಿಯಿರಿ. ಬೆಳಕು ಎಲ್ಲಿ ತೂರಿ ಬರುತ್ತದೋ ಅಲ್ಲಿ ತೂತು ಬೀಳುವ ಜಾಗ ಇದೆ ಅಂತ ತಿಳಿಯಿರಿ. ಪೈಪಿನ ದಪ್ಪದ ಅರ್ಧಕ್ಕಿಂತ ಜಾಸ್ತಿ ಸಂದು ಇದ್ದರೆ ನಾನು ಆರ್ಕ್ ಹಚ್ಚುವುದೇ ಇಲ್ಲ, ಮತ್ತೆ ಅರ ಹಾಕುತ್ತೇನೆ. ಹೊಸ ಹುಡುಗರಿಗೆ ಇದು ಬೇಜಾರಿನ ಕೆಲಸ. ಆದರೆ ಹತ್ತು ನಿಮಿಷದ ಅರ ಒಂದು ಗಂಟೆಯ ತೂತು ಮುಚ್ಚುವ ಕೆಲಸ ಉಳಿಸುತ್ತದೆ.

ಆಮೇಲೆ ಟ್ಯಾಕ್, ಅಂದರೆ ಪೈಪು ಅಲುಗಾಡದ ಹಾಗೆ ಮೊದಲು ಹಾಕುವ ಚುಕ್ಕೆ ವೆಲ್ಡು. ಎದುರು ಬದುರಾಗಿ ನಾಲ್ಕು ಕಡೆ, ಅಕ್ಕಿಕಾಳಿಗಿಂತ ದೊಡ್ಡದು ಬೇಡ. ಒಂದೇ ಬದಿಗೆ ಟ್ಯಾಕ್ ಹಾಕಿದರೆ ಆ ಬದಿ ಎಳೆದುಕೊಂಡು ಎದುರು ಬದಿ ಬಾಯಿ ಬಿಡುತ್ತದೆ.

ಪೈಪು ಹೊಸದೇ ಇದೆ. ಉಜ್ಜಲೇಬೇಕಾ?

ಉಜ್ಜಲೇಬೇಕು. ಹೊಸ ಪೈಪಿನ ಮೇಲೆ ಎಣ್ಣೆ ಇರುತ್ತದೆ. ಕಬ್ಬಿಣದ ಪೈಪಾದರೆ ಕಪ್ಪು ಪದರವೂ ಇರುತ್ತದೆ. ನಮ್ಮ ಕರಾವಳಿಯಲ್ಲಿ ಕಬ್ಬಿಣದ ಪೈಪನ್ನು ರಾತ್ರಿ ಉಜ್ಜಿ ಇಟ್ಟರೆ ಬೆಳಿಗ್ಗೆ ಕೆಂಪಗಾಗಿರುತ್ತದೆ. ಉಪ್ಪು ಗಾಳಿ. ಹಾಗಾಗಿ ವೆಲ್ಡ್ ಮಾಡುವ ದಿನವೇ ಉಜ್ಜಿ. ಅಂಚಿನಿಂದ ಒಂದು ಇಂಚು ಒಳಗೂ ಹೊರಗೂ ಹೊಳೆಯಬೇಕು. ಕೊನೆಗೆ ಶುಭ್ರ ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿ, ಫಿಲ್ಲರ್ ಕಡ್ಡಿಯನ್ನೂ ಒರೆಸಿ, ಪೂರ್ತಿ ಆರಲು ಬಿಡಿ. ಆ ಬಾಟಲಿ, ಬಟ್ಟೆ ಎರಡನ್ನೂ ದೂರ ಇಟ್ಟ ಮೇಲೆಯೇ ಆರ್ಕ್.

ಬ್ರೇಕ್ ತೊಳೆಯುವ ಸ್ಪ್ರೇಯನ್ನು ಮಾತ್ರ ಹತ್ತಿರ ತರಬೇಡಿ. ಕೆಲವದರಲ್ಲಿ ಕ್ಲೋರಿನ್ ಇರುವ ದ್ರಾವಣ ಇರುತ್ತದೆ. ಆರ್ಕಿನ ಶಾಖಕ್ಕೆ ಅದು ಫಾಸ್ಜೀನ್ ಎಂಬ ವಿಷದ ಗ್ಯಾಸ್ ಆಗುತ್ತದೆ. ಸ್ವಲ್ಪವೇ ಸಾಕು ಜೀವಕ್ಕೆ ಕುತ್ತು ಬರಲು.

ಸ್ಟೇನ್‌ಲೆಸ್‌ಗೆ ಬೇರೆಯೇ ವೈರ್ ಬ್ರಷ್ ಇಡಿ. ಕಬ್ಬಿಣ ಉಜ್ಜಿದ ಬ್ರಷ್‌ನಿಂದ ಉಜ್ಜಿದರೆ ಕಬ್ಬಿಣದ ಕಣ ಅಂಟಿ, ಅಲ್ಲೇ ತುಕ್ಕಿನ ಚುಕ್ಕೆ ಏಳುತ್ತದೆ.

ನೇರವಾಗಿ ಪೈಪಿನ ಮೇಲೇ ಕಲಿಯಬಹುದಾ?

ಬೇಡ. ಪೈಪು ದುಂಡಗಿರುವುದರಿಂದ ಪ್ರತಿ ಸೆಂಟಿಮೀಟರಿಗೂ ಟಾರ್ಚಿನ ಓರೆ ಬದಲಾಗುತ್ತದೆ. ಕೊಳ ನೋಡುವುದು, ಕಡ್ಡಿ ಕೊಡುವುದು, ಕೈ ತಿರುಗಿಸುವುದು ಮೂರನ್ನೂ ಒಟ್ಟಿಗೆ ಕಲಿಯಲು ಆಗುವುದಿಲ್ಲ. ಮೊದಲು 1.6 ಮಿ.ಮೀ. ತಗಡಿನ ಚೂರಿನ ಮೇಲೆ ಕಡ್ಡಿ ಇಲ್ಲದೆ ಸುಮ್ನೆ ಗೆರೆ ಎಳೆಯಿರಿ. ಗೆರೆಯ ಅಗಲ ಮೊದಲಿನಿಂದ ಕೊನೆವರೆಗೆ ಒಂದೇ ಆಗುವ ತನಕ ಅದನ್ನೇ ಮಾಡಿ. ಆಮೇಲೆ ಎರಡು ತಗಡಿನ ಹೊರಮೂಲೆ, ಅದೂ ಕಡ್ಡಿ ಇಲ್ಲದೆ. ಆಮೇಲೆ ಕಡ್ಡಿ ಕೊಟ್ಟು ಗೆರೆ, ತಗಡಿಗೆ ತಗಡು, ತಗಡಿನ ಮೇಲೆ ನಿಲ್ಲಿಸಿದ ಪೈಪು. ಕೊನೆಗೆ ಪೈಪಿಗೆ ಪೈಪು. ದಪ್ಪವನ್ನೂ 1.6ರಿಂದ 1.2ಕ್ಕೆ, ಅಲ್ಲಿಂದ 0.9ಕ್ಕೆ ಇಳಿಸಿ.

ಕೊಳ ನೋಡು, ಕೊಳ ನೋಡು ಅನ್ನುತ್ತಾರೆ. ಏನು ನೋಡಬೇಕು?

ಕೊಳ ಅಂದರೆ ಕರಗಿದ ಲೋಹದ ಪುಟ್ಟ ಗುಂಡಿ. ಹೊಸಬರು ಆರ್ಕಿನ ಬೆಳಕನ್ನೇ ನೋಡುತ್ತಾರೆ. ಬೆಳಕು ಬಿಡಿ, ಅದರ ಕೆಳಗೆ ನೋಡಿ. ಆರ್ಕ್ ಹಚ್ಚಿದ ಒಂದು ಸೆಕೆಂಡಿಗೆ ಲೋಹ ಕೆಂಪಗಾಗುತ್ತದೆ. ಎರಡನೇ ಸೆಕೆಂಡಿಗೆ ಎರಡೂ ಅಂಚಿನಲ್ಲಿ ಸಣ್ಣ ಒದ್ದೆ ಹೊಳಪು ಕಾಣುತ್ತದೆ, ಮಳೆಹನಿ ಬಿದ್ದ ಕಲ್ಲಿನ ಹಾಗೆ. ಎರಡು ಹೊಳಪೂ ಒಮ್ಮೆಲೇ ಓಡಿ ಬಂದು ಕೂಡಿಕೊಳ್ಳುತ್ತವೆ. ಕಡ್ಡಿ ಕೊಡುವ ಹೊತ್ತು ಅದೇ. ಮೊದಲೇ ಕೊಟ್ಟರೆ ಕಡ್ಡಿ ಗುಂಡಾಗಿ ಒಂದು ಬದಿಗೆ ಅಂಟುತ್ತದೆ.

ಕೊಳ ಸರಿಯಾಗಿದ್ದಾಗ ಅದರ ಮೈ ಸ್ವಲ್ಪ ಉಬ್ಬಿರುತ್ತದೆ. ಅಗಲ ಪೈಪಿನ ದಪ್ಪದ ಎರಡು ಮೂರು ಪಟ್ಟು, ಅಷ್ಟೇ. ತೂತು ಬೀಳುವ ಮೊದಲು ಮೂರು ಸೂಚನೆ ಸಿಗುತ್ತವೆ. ಕೊಳ ಥಟ್ಟನೆ ಅಗಲ ಆಗುತ್ತದೆ. ಉಬ್ಬಿದ ಮೈ ಚಪ್ಪಟೆಯಾಗಿ ನಡುವೆ ತಗ್ಗುತ್ತದೆ. ಹೊಳಪು ಜಾಸ್ತಿಯಾಗಿ ಕನ್ನಡಿಯ ಹಾಗೆ ಆಗಿ ನಡುಗುತ್ತದೆ. ಇದಾದ ಮೇಲೆ ಕೊಳ ಕೆಳಗೆ ಜಾರಿ ನಡುವೆ ಕಪ್ಪು ಚುಕ್ಕೆ ಕಂಡರೆ ತೂತು ಬಿದ್ದಾಯಿತು.

ಚಪ್ಪಟೆ ಆದದ್ದು ಕಂಡ ಕೂಡಲೇ ಏನು ಮಾಡಬೇಕು? ಕಡ್ಡಿ ಕೊಡಿ. ತಣ್ಣನೆಯ ಕಡ್ಡಿ ಕೊಳದ ಶಾಖ ಕುಡಿಯುತ್ತದೆ, ಲೋಹವೂ ಸೇರುತ್ತದೆ. ಹಾಗೇ ಮುಂದೆ ಸರಿಯಿರಿ. ಆಗಲೂ ಸರಿಯಾಗದಿದ್ದರೆ ಆರ್ಕ್ ನಿಲ್ಲಿಸಿ, ಟಾರ್ಚ್ ಮಾತ್ರ ಅಲ್ಲೇ ಹಿಡಿದಿರಿ, ಗ್ಯಾಸ್ ಬೀಳುತ್ತಿರಲಿ. ಗಾಬರಿಯಲ್ಲಿ ಟಾರ್ಚನ್ನು ಮೇಲಕ್ಕೆ ಎಳೆಯುವುದು ಎಲ್ಲರೂ ಮಾಡುವ ತಪ್ಪು. ಎಳೆದರೆ ಆರ್ಕ್ ಉದ್ದವಾಗಿ ಅಗಲಕ್ಕೆ ಹರಡುತ್ತದೆ, ಇನ್ನಷ್ಟು ಜಾಗ ಕಾಯುತ್ತದೆ. ಸೂಜಿಯ ತುದಿ ಕೊಳದಿಂದ ಸೂಜಿಯ ದಪ್ಪದಷ್ಟೇ ದೂರ ಇರಬೇಕು, ಒಂದೂವರೆ ಮಿಲಿಮೀಟರ್. ಟಾರ್ಚು ನೆಟ್ಟಗಿನಿಂದ 15 ಡಿಗ್ರಿ ಹಿಂದಕ್ಕೆ ಓರೆ.

ಕಣ್ಣು ಕೊಳಕ್ಕೆ ಹತ್ತಿರ ಇರಲಿ. 40 ದಾಟಿದವರು ಓದುವ ಕನ್ನಡಕವನ್ನು ಹೆಲ್ಮೆಟ್ ಒಳಗೂ ಹಾಕಿಕೊಳ್ಳಿ. ಕೈ ನಡುಗುತ್ತಿದೆ ಅಂತ ನನ್ನ ಹತ್ತಿರ ಬಂದ ಕೆಲವರಿಗೆ ನಿಜಕ್ಕೂ ಇದ್ದದ್ದು ಕಣ್ಣಿನ ತೊಂದರೆ.

ಯಾವ ಕಡ್ಡಿ? ಎಷ್ಟು ದಪ್ಪ?

ಕಬ್ಬಿಣಕ್ಕೆ ಇಆರ್ 70ಎಸ್-2 ಅಥವಾ 70ಎಸ್-6. 304 ನಮೂನೆಯ ಸ್ಟೇನ್‌ಲೆಸ್‌ಗೆ 308ಎಲ್. 316ಕ್ಕೆ 316ಎಲ್. ಸ್ಟೇನ್‌ಲೆಸ್ಸನ್ನು ಕಬ್ಬಿಣಕ್ಕೆ ಕೂಡಿಸುವಾಗ 309ಎಲ್. ದಪ್ಪ 1.2 ಮಿ.ಮೀ. 2.4ರ ಕಡ್ಡಿ ಕೊಟ್ಟರೆ ಅದನ್ನು ಕರಗಿಸಲು ಬೇಕಾದ ಶಾಖಕ್ಕೇ ತೆಳು ಪೈಪು ಹೋಗಿಬಿಡುತ್ತದೆ.

ಮುಕ್ಕಾಲು ಸುತ್ತು ಚೆನ್ನಾಗಿ ಬರುತ್ತದೆ. ಕೊನೆಯಲ್ಲೇ ತೂತು. ಯಾಕೆ ಹೀಗೆ?

ಇದಕ್ಕೆ ಎರಡು ಕಾರಣ. ಮೊದಲನೆಯದು ತೆಳ್ಳೇವು (ತೆಳು ದೋಸೆ) ಎರೆದವರಿಗೆ ಗೊತ್ತು. ಮೊದಲ ಎರಡು ಏಳುವುದೇ ಇಲ್ಲ. ಐದಾರು ಆಗುವಷ್ಟರಲ್ಲಿ ಕಾವಲಿ ಎಷ್ಟು ಕಾದಿರುತ್ತದೆ ಅಂದರೆ, ಒಲೆ ಸಣ್ಣ ಮಾಡದಿದ್ದರೆ ಹಿಟ್ಟು ಹರಡುವ ಮೊದಲೇ ಸೀಯುತ್ತದೆ. ಪೈಪೂ ಹಾಗೇ. ಶುರುವಿಗೆ ತಣ್ಣಗಿದ್ದಾಗ 40 ಆಂಪ್ ಬೇಕಿತ್ತು. ಕೊನೆಗೆ ಪೈಪು ತಾನೇ ಕಾದಿದೆ, 30 ಸಾಕು. ಹಾಗಾಗಿ ಒಂದೇ ಉಸಿರಿಗೆ ಸುತ್ತು ಮುಗಿಸಬೇಡಿ. ಕಾಲು ಸುತ್ತು ಮಾಡಿ, ಎದುರಿನ ಕಾಲು ಸುತ್ತಿಗೆ ಹೋಗಿ. ಬೇರೆ ಜಾಯಿಂಟಿಗೆ ಹೋಗಿ ಬನ್ನಿ. ಕೈ ಇಟ್ಟರೆ ಸುಡದಷ್ಟು ಆರಿದ ಮೇಲೆ ಮುಂದುವರಿಸಿ. ನೀರು ಹಾಕಿ ಆರಿಸಬೇಡಿ.

ಎರಡನೆಯದು ಒಳಗಿನ ಗಾಳಿ. ಪೈಪಿನ ಎರಡೂ ತುದಿ ಮುಚ್ಚಿದ್ದರೆ ಒಳಗಿನ ಗಾಳಿ ಕಾದು ಹಿಗ್ಗುತ್ತದೆ. ಹೊರಗೆ ಬರಲು ಉಳಿದದ್ದು ನೀವು ಮುಚ್ಚುತ್ತಿರುವ ಕೊನೆಯ ಸಂದು ಮಾತ್ರ. ಅಲ್ಲಿಂದ ಕೊಳವನ್ನೇ ಊದಿ ಹೊರಗೆ ಹಾಕುತ್ತದೆ. ಎಷ್ಟು ಸಲ ಮುಚ್ಚಿದರೂ ಮತ್ತೆ ತೆರೆದುಕೊಳ್ಳುತ್ತದೆ. ಆಂಪ್ ಇಳಿಸಿದರೂ ಪ್ರಯೋಜನ ಇಲ್ಲ. ಕೂಡಿಸುವ ಮೊದಲೇ 3 ಮಿ.ಮೀ. ತೂತು ಕೊರೆಯಿರಿ. ಪೈಪಿನ ಮೈಗೆ ಪೈಪು ಕೂರುವ ಕಡೆ, ಮುಖ್ಯ ಪೈಪಿಗೆ ಒಳಗೆ ಮರೆಯಾಗುವ ಜಾಗದಲ್ಲೇ ಕೊರೆದರೆ ಹೊರಗೆ ಕಾಣುವುದೂ ಇಲ್ಲ.

ಆಂಪ್ ಏರಿಸಿ ಇಳಿಸುವ ಕಾಲಿನ ಪೆಡಲ್ ಇಲ್ಲ. ಪಲ್ಸ್ ಇದ್ದರೆ ಸಾಕಾ?

ಸಾಕು. ಪಲ್ಸ್ ಅಂದರೆ ಕರೆಂಟು ಏರಿ ಇಳಿಯುತ್ತ ಇರುವುದು. ಏರಿದಾಗ ಕರಗುತ್ತದೆ, ಇಳಿದಾಗ ಸ್ವಲ್ಪ ಆರುತ್ತದೆ. 1.2ರ ಪೈಪಿಗೆ ಮೇಲಿನದ್ದು 60, ಕೆಳಗಿನದ್ದು 18, ಸೆಕೆಂಡಿಗೆ ಒಂದು ಸಲ, ಏರಿದ ಹೊತ್ತು ನೂರಕ್ಕೆ 40. ಲೆಕ್ಕ ಹಾಕಿದರೆ ಸರಾಸರಿ 35 ಆಂಪ್ ಆಯಿತು. ಏರಿದಾಗ ಕಡ್ಡಿ, ಇಳಿದಾಗ ಮುಂದಕ್ಕೆ. ಈ ತಾಳ ಹೊಸಬರ ಕೈಗೆ ಬೇಗ ಹತ್ತುತ್ತದೆ. ಆದರೆ ಸಂದು ಇರುವ ಜಾಯಿಂಟನ್ನು ಪಲ್ಸ್ ಕೂಡ ಉಳಿಸುವುದಿಲ್ಲ.

ಡೌನ್ ಸ್ಲೋಪ್, ಅಂದರೆ ಕೊನೆಗೆ ಕರೆಂಟನ್ನು ನಿಧಾನಕ್ಕೆ ಇಳಿಸುವ ಸೆಟ್ಟಿಂಗ್, ಇದ್ದರೆ ಎರಡು ಮೂರು ಸೆಕೆಂಡಿಗೆ ಇಡಿ. ಥಟ್ಟನೆ ಆರ್ಕ್ ನಿಲ್ಲಿಸಿದರೆ ಕೊಳದ ನಡುವೆ ಕುಳಿ ಉಳಿದು ಬಿರುಕು ಬಿಡುತ್ತದೆ. ಆಮೇಲೆ ಗ್ಯಾಸ್ ಐದಾರು ಸೆಕೆಂಡು ಬರುತ್ತಿರಲಿ, ಟಾರ್ಚು ಅಲ್ಲೇ ಇರಲಿ.

ತೂತು ಬಿದ್ದೇ ಬಿಟ್ಟಿತು. ಈಗೇನು?

ನಿಲ್ಲಿಸಿ. ಬಿಸಿ ಇರುವಾಗಲೇ ಮುಚ್ಚಲು ಹೋದರೆ ಕಡಲೆಕಾಳಿನಷ್ಟಿದ್ದದ್ದು ನಾಲ್ಕಾಣೆಯಷ್ಟಾಗುತ್ತದೆ. ಪೂರ್ತಿ ಆರಲಿ. ಅಂಚಿನ ಕಪ್ಪನ್ನು ಅರದಿಂದ ತೆಗೆದು ಹೊಳೆಯುವ ಲೋಹ ಕಾಣಿಸಿ. ಹಿಂದೆ ತಾಮ್ರದ ಚೂರು ಇಡಲು ಆಗುವುದಾದರೆ ಇಡಿ. ತಾಮ್ರ ಶಾಖ ಎಳೆದುಕೊಳ್ಳುತ್ತದೆ, ಸ್ಟೀಲು ಅದಕ್ಕೆ ಅಂಟುವುದಿಲ್ಲ. ಹಳೆ ತಾಮ್ರದ ಪೈಪನ್ನು ಬಡಿದು ಚಪ್ಪಟೆ ಮಾಡಿ ನಾಲ್ಕೈದು ಅಳತೆಯಲ್ಲಿ ಇಟ್ಟುಕೊಂಡಿದ್ದೇನೆ.

ಆಂಪ್ ಐದು ಇಳಿಸಿ. ತೂತಿನ ನಡುವೆ ಗುರಿ ಇಡಬೇಡಿ, ಅಲ್ಲಿ ಕರಗಲು ಏನೂ ಇಲ್ಲ. ಅಂಚಿನ ಗಟ್ಟಿ ಜಾಗದಲ್ಲಿ ಕೊಳ ಮಾಡಿ, ಒಂದು ಹನಿ ಕಡ್ಡಿ, ನಿಲ್ಲಿಸಿ. ಎದುರಿನ ಅಂಚಿಗೆ ಒಂದು ಹನಿ, ನಿಲ್ಲಿಸಿ. ಹೀಗೆ ಸುತ್ತಿನಿಂದ ಒಳಕ್ಕೆ ತನ್ನಿ. ಕೊನೆಯ ಹನಿಗೆ ನಡು ಮುಚ್ಚುತ್ತದೆ. ಪೈಪಿನ ಅಗಲದ ಮೂರನೇ ಒಂದು ಪಾಲಿಗಿಂತ ದೊಡ್ಡ ತೂತಾದರೆ ಆ ಚೂರು ಕತ್ತರಿಸಿ ಹೊಸದು ಹಾಕಿ. ಜನ ಕೈ ಊರಿ ನಿಲ್ಲುವ ರೇಲಿಂಗಾದರೆ ಅದರಲ್ಲಿ ಎರಡು ಮಾತು ಬೇಡ.

ಹೊರಗೆ ಚೆನ್ನಾಗಿದೆ, ಸ್ಟೇನ್‌ಲೆಸ್ ಪೈಪಿನ ಒಳಗೆ ಮಾತ್ರ ಕಪ್ಪು ಕಪ್ಪು ಹರಳು. ತೊಂದರೆನಾ?

ಒಳಬದಿಗೆ ಗಾಳಿ ತಾಗಿ ಸುಟ್ಟಿದೆ. ಸುಟ್ಟ ಸಕ್ಕರೆಯ ಹಾಗೆ ಕಾಣುತ್ತದೆ. ಮೆಟ್ಟಿಲಿನ ರೇಲಿಂಗಿಗೆ ಹೆಚ್ಚು ಚಿಂತೆ ಇಲ್ಲ. ಹಾಲು, ಕುಡಿಯುವ ನೀರು ಹರಿಯುವ ಪೈಪಿಗೆ, ಬೋಟಿನ ಪೈಪಿಗೆ ಅದು ಆಗುವುದಿಲ್ಲ. ಆ ಹರಳಿನ ಸಂದಿನಲ್ಲಿ ಕೊಳೆ, ಉಪ್ಪು ಕೂತು ತಿನ್ನುತ್ತದೆ. ಒಳಗೂ ಆರ್ಗಾನ್ ತುಂಬಿಸಬೇಕು. ಒಂದು ತುದಿ ಟೇಪಿನಿಂದ ಮುಚ್ಚಿ ಗ್ಯಾಸಿನ ನಳಿಗೆ ತೂರಿಸಿ, ಇನ್ನೊಂದು ತುದಿಯ ಟೇಪಿಗೆ ಸಣ್ಣ ತೂತು ಮಾಡಿ. ಆರ್ಗಾನ್ ಗಾಳಿಗಿಂತ ಭಾರ, ಹಾಗಾಗಿ ಕೆಳಗಿನಿಂದ ಬಿಟ್ಟು ಮೇಲಿನಿಂದ ಗಾಳಿ ಹೋಗಲಿ. 1 ಇಂಚಿನ ಒಂದು ಮೀಟರ್ ಪೈಪಿನಲ್ಲಿ ಹಿಡಿಯುವುದು ಅರ್ಧ ಲೀಟರಿಗೂ ಕಡಿಮೆ. ನಿಮಿಷಕ್ಕೆ 4 ಲೀಟರಿನಂತೆ ಒಂದು ನಿಮಿಷ ಬಿಟ್ಟರೆ ಸಾಕು. ವೆಲ್ಡ್ ಮಾಡುವಾಗ ಒಳಗಿನ ಗ್ಯಾಸನ್ನು ಸಣ್ಣ ಮಾಡಿ, ಇಲ್ಲದಿದ್ದರೆ ಅದೇ ಕೊಳವನ್ನು ಊದುತ್ತದೆ.

ಮಧ್ಯಾಹ್ನದ ಮೇಲೆ ವೆಲ್ಡು ಕಪ್ಪಾಗಿ ನೊರೆ ನೊರೆ ಬರುತ್ತದೆ. ಮಷಿನ್ ಹಾಳಾಯ್ತಾ?

ನಮ್ಮ ಕಡೆ ಮಷಿನ್ ಅಲ್ಲ, ಕಡಲ ಗಾಳಿ. ಮಧ್ಯಾಹ್ನ ಆಗುತ್ತಿದ್ದಂತೆ ಸಮುದ್ರದಿಂದ ಗಾಳಿ ಬೀಸತೊಡಗುತ್ತದೆ. ಟಾರ್ಚಿನಿಂದ ಬೀಳುವ ಆರ್ಗಾನ್ ನಿಮಿಷಕ್ಕೆ 7–8 ಲೀಟರ್ ಅಷ್ಟೇ. ಮೈಗೆ ಹಿತ ಅನ್ನಿಸುವ ಗಾಳಿಯೂ ಅದನ್ನು ಹಾರಿಸಿಬಿಡುತ್ತದೆ. ಗ್ಯಾಸ್ ಜಾಸ್ತಿ ಬಿಟ್ಟರೆ ಸರಿ ಹೋಗುವುದಿಲ್ಲ. 15 ಲೀಟರ್ ಬಿಟ್ಟರೆ ಅದು ಸುಳಿ ಎದ್ದು ಹೊರಗಿನ ಗಾಳಿಯನ್ನೇ ಒಳಗೆ ಎಳೆಯುತ್ತದೆ. ಪಡುವಣ ಬದಿಗೆ ಟಾರ್ಪಾಲ್ ಕಟ್ಟಿ, ಫ್ಯಾನ್ ಬೇರೆ ಕಡೆ ತಿರುಗಿಸಿ. ಬೋಟಿನ ಮೇಲೇ ಮಾಡಬೇಕಾದ ಟಿಗ್ ಕೆಲಸವನ್ನು ನಾನು ಬೆಳಿಗ್ಗೆ ಹತ್ತರೊಳಗೆ ಮುಗಿಸುತ್ತೇನೆ. ಟಾರ್ಚಿನ ಬಾಯಿಗೆ ಆರನೇ ನಂಬರ್ ಕಪ್ (ನಳಿಕೆ), ಗ್ಯಾಸನ್ನು ಸುಳಿ ಏಳದ ಹಾಗೆ ಬಿಡುವ ಜಾಲರಿ (ಗ್ಯಾಸ್ ಲೆನ್ಸ್) ಹಾಕಿದರೆ ಇನ್ನೂ ಒಳ್ಳೆಯದು.

ಸ್ಟೇನ್‌ಲೆಸ್ಸಿನ ಬಣ್ಣವೇ ಹೇಳುತ್ತದೆ. ಹುಲ್ಲಿನ ಬಣ್ಣ, ಚಿನ್ನದ ಬಣ್ಣ ಬಂದರೆ ಚೆನ್ನ. ನೀಲಿ ಅಂದರೆ ಶಾಖ ಜಾಸ್ತಿ. ಬೂದಿ, ಕಪ್ಪು ಬಂದರೆ ಒಂದೋ ಗ್ಯಾಸ್ ಸಾಲಲಿಲ್ಲ, ಇಲ್ಲ ತೀರಾ ಕಾಯಿಸಿದಿರಿ.

ಮಳೆಗಾಲದಲ್ಲಿ ಫಿಲ್ಲರ್ ಕಡ್ಡಿಯನ್ನು ಮುಚ್ಚಳ ಇರುವ ಪೈಪಿನಲ್ಲಿಡಿ. ಒದ್ದೆ ನೆಲದಲ್ಲಿ ನಿಂತು, ಬೆವರಿ ಒದ್ದೆಯಾದ ಕೈಗವಸು ಹಾಕಿ ಕೆಲಸ ಮಾಡಬೇಡಿ. ಕಾಲ ಕೆಳಗೆ ಒಣ ಹಲಗೆ, ಕೈಗೆ ಒಣ ಗವಸು. ಜೂನ್ ಜುಲೈನಲ್ಲಿ ನಾನು ಮೂರು ಜೊತೆ ಗವಸು ಇಟ್ಟುಕೊಳ್ಳುತ್ತೇನೆ.

ಬೋಟಿಗೆ, ಕಡಲ ಬದಿಯ ಮನೆಗೆ ಯಾವ ಸ್ಟೀಲು? ಅಯಸ್ಕಾಂತ ಹಿಡಿದರೆ ಗೊತ್ತಾಗಲ್ವಾ?

ಗೊತ್ತಾಗುವುದಿಲ್ಲ. 202ಕ್ಕೂ ಅಯಸ್ಕಾಂತ ಅಂಟುವುದಿಲ್ಲ, 304ಕ್ಕೂ ಇಲ್ಲ. ಒಂದು ಹನಿ ಬಿಟ್ಟರೆ ಬಣ್ಣ ಬದಲಾಗುವ ಪರೀಕ್ಷೆಯ ದ್ರವ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನು ಬಳಸಿ. 202 ಅಗ್ಗ, ಘಟ್ಟದ ಮೇಲೆ ಮನೆಯೊಳಗೆ ನಡೆಯುತ್ತದೆ. ಕರಾವಳಿಯಲ್ಲಿ ಬೇಗ ತುಕ್ಕು ತೋರಿಸುತ್ತದೆ. 304 ಕೂಡ ಉಪ್ಪು ಗಾಳಿಗೆ ಕಂದು ಕಲೆ ಹಿಡಿಯುತ್ತದೆ, ಆಗಾಗ ಸಿಹಿನೀರಿನಲ್ಲಿ ತೊಳೆಯಬೇಕು. 316ರಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾಲಿಬ್ಡಿನಂ ಇದೆ, ಉಪ್ಪನ್ನು ಅದು ಚೆನ್ನಾಗಿ ತಡೆಯುತ್ತದೆ. ದುಡ್ಡು ಜಾಸ್ತಿ. ಗಿರಾಕಿಗೆ ಮೊದಲೇ ಬಿಡಿಸಿ ಹೇಳಿ, ಆಯ್ಕೆ ಅವರದ್ದು.

ಜಿಐ ಪೈಪಿಗೆ (ಸತು ಲೇಪಿಸಿದ ಕಬ್ಬಿಣದ ಪೈಪಿಗೆ) ಟಿಗ್ ಆಗುತ್ತಾ?

ಸತುವನ್ನು ಪೂರ್ತಿ ಉಜ್ಜಿ ತೆಗೆದರೆ ಆಗುತ್ತದೆ. ತೆಗೆಯದಿದ್ದರೆ ಬೇಡ. ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ, ಆಗ ಸ್ಟೀಲು ಇನ್ನೂ ಕರಗಿಯೇ ಇರುವುದಿಲ್ಲ. ಆ ಬಿಳಿ ಹೊಗೆ ಕುಡಿದರೆ ಕೆಲವು ಗಂಟೆ ಬಿಟ್ಟು ಚಳಿಜ್ವರ, ಮೈಕೈ ನೋವು. ಹಾಲು ಕುಡಿದರೆ ಹೋಗುತ್ತದೆ ಅಂತ ನಂಬಿ ಹೊಗೆ ಕುಡಿಯಬೇಡಿ.

ಅಲ್ಯುಮಿನಿಯಂ?

ಅದಕ್ಕೆ ಎಸಿ ಇರುವ ಮಷಿನ್ ಬೇಕು. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿ ದಾಟಬೇಕು. ಸ್ಟೀಲಿನಲ್ಲಿ ಕೈ ಪಳಗಿದ ಮೇಲೆ ಹಿಡಿಯಿರಿ.

ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ?

ದೊಡ್ಡದರಲ್ಲಿ 7 ಘನ ಮೀಟರ್, ಅಂದರೆ 7,000 ಲೀಟರ್. ನಿಮಿಷಕ್ಕೆ 8 ಲೀಟರ್ ಆದರೆ 14 ಗಂಟೆಗೂ ಸ್ವಲ್ಪ ಜಾಸ್ತಿ ಆರ್ಕ್. ಸೋರಿಕೆ ಇದ್ದರೆ ರಾತ್ರೋರಾತ್ರಿ ಖಾಲಿ. ಸೋಪಿನ ನೀರು ಹಚ್ಚಿ ನೋಡಿ, ಸಂಜೆ ವಾಲ್ವ್ ಮುಚ್ಚಿ. ಬೋಟಿನ ಇಂಜಿನ್ ಕೋಣೆಯಂಥ ಇಕ್ಕಟ್ಟಿನಲ್ಲಿ ಆರ್ಗಾನ್ ಕೆಳಗೆ ತುಂಬಿ ಉಸಿರಿಗೆ ಗಾಳಿ ಇಲ್ಲದ ಹಾಗೆ ಮಾಡುತ್ತದೆ. ಅದಕ್ಕೆ ವಾಸನೆ ಇಲ್ಲ, ಮೊದಲೇ ಗೊತ್ತಾಗುವುದಿಲ್ಲ. ಅಂಥ ಕಡೆ ಗಾಳಿ ಆಡಲು ವ್ಯವಸ್ಥೆ ಇರಬೇಕು, ಹೊರಗೊಬ್ಬರು ನಿಂತಿರಲೇಬೇಕು.

ಕಿಡಿ ಹಾರುವುದಿಲ್ಲವಲ್ಲ, ಅಂಗಿ ತೋಳು ಮಡಚಬಹುದಾ?

ಬೇಡ. ಟಿಗ್‌ನಲ್ಲಿ ಕಿಡಿ ಕಡಿಮೆ, ಬೆಳಕಿನ ಸುಡುವ ಗುಣ ಕಡಿಮೆ ಅಲ್ಲ. ಅರ್ಧ ಗಂಟೆಯಲ್ಲಿ ಕೈ, ಕತ್ತು ಕೆಂಪಾಗಿ ಸುಲಿಯುತ್ತದೆ. ತೆಳು ಪೈಪಿಗೆ ಹೆಲ್ಮೆಟ್ಟಿನಲ್ಲಿ 9 ಅಥವಾ 10ನೇ ನಂಬರ್ ಗಾಜು ಸಾಕು, ಅದಕ್ಕಿಂತ ಕಪ್ಪಾದರೆ ಕೊಳ ಕಾಣುವುದಿಲ್ಲ. ಸ್ಟೇನ್‌ಲೆಸ್ಸಿನ ಹೊಗೆಯಲ್ಲಿ ಕ್ರೋಮಿಯಂ ಇರುತ್ತದೆ, ಮಾಸ್ಕ್ ಹಾಕಿ.

ಜಾಯಿಂಟು ಗಟ್ಟಿ ಆಗಿದೆಯಾ ಅಂತ ಹೇಗೆ ತಿಳಿಯುವುದು?

ಕತ್ತರಿಸಿ ನೋಡಿ. ಕಲಿಯುವಾಗ ಮಾಡಿದ ಜಾಯಿಂಟುಗಳಲ್ಲಿ ಹತ್ತಕ್ಕೆ ಎರಡನ್ನಾದರೂ ಗರಗಸದಿಂದ ಉದ್ದಕ್ಕೆ ಸೀಳಿ. ಒಳಬದಿಯಲ್ಲಿ ಜೋಡಿಸಿದ ಗೆರೆ ಇನ್ನೂ ಕಾಣುತ್ತಿದ್ದರೆ ಶಾಖ ಒಳಗೆ ಇಳಿದಿಲ್ಲ. ಗೆರೆ ಮಾಯವಾಗಿ ಸಣ್ಣ ಉಬ್ಬು ಬಂದಿದ್ದರೆ ಸರಿಯಾಗಿದೆ. ಒಳಗೆ ಹನಿ ಹನಿಯಾಗಿ ಇಳಿಬಿದ್ದಿದ್ದರೆ ಶಾಖ ಜಾಸ್ತಿ, ಇನ್ನೊಂದು ಸೆಕೆಂಡು ನಿಂತಿದ್ದರೆ ತೂತು ಬೀಳುತ್ತಿತ್ತು. ಉಳಿದ ಚೂರನ್ನು ವೈಸಿನಲ್ಲಿ ಹಿಡಿದು ಸುತ್ತಿಗೆಯಿಂದ ಬಗ್ಗಿಸಿ. ಪೈಪು ಬಗ್ಗಬೇಕು, ವೆಲ್ಡು ಬಿಡಬಾರದು. ಸೀಳಿದ ಚೂರಿನ ಮೇಲೆ ಮಾರ್ಕರಿನಿಂದ ಆಂಪ್, ದಪ್ಪ, ತಾರೀಕು ಬರೆದು ಗೋಡೆಗೆ ತೂಗು ಹಾಕಿ. ನಮ್ಮ ಶೆಡ್ಡಿನ ಗೋಡೆಯಲ್ಲಿ ಅಂಥ ಒಂದು ತಂತಿಯ ಸಾಲೇ ಇದೆ. ಹೊಸ ಅಳತೆಯ ಪೈಪು ಬಂದಾಗ ನಾನು ಮೊದಲು ನೋಡುವುದು ಅದನ್ನೇ.